ತವರಿಂದ ಬಂದ ಸೀರೆ

ಸೀರೆಯಂಗಡಿಯಲ್ಲಿ ತಾನು ಚೌಕಾಸಿ ಮಾಡಿದೆನೆಂಬುದು ಉಡಚಪ್ಪನಿಗೆ ಹೊಳೆದದ್ದು ರಾಣೇಬೆನ್ನೂರಿನ ಕ್ಲಬ್ಬಿನ ಮೆಟ್ಟಿಲ ಕೆಳಗೆ ಚಪ್ಪಲಿ ಬಿಡುವಾಗ. ಅಂಗಡಿಯವನು ಆಗಷ್ಟೇ ಬಾಗಿಲು ತೆಗೆದು ಊದಿನಕಡ್ಡಿ ಹಚ್ಚಿದ್ದ. ಹಸಿರು ಸೀರೆ, ಕೆಂಪು ಅಂಚು, ನೂರರವತ್ತು ಎಂದ. ಉಡಚಪ್ಪನ ನಾಲಿಗೆ ಅವನನ್ನು ಒಂದು ಮಾತೂ ಕೇಳದೆ, ನೂರೈವತ್ತು ಮಾಡ್ರಿ ಎಂದುಬಿಟ್ಟಿತು. ಬೋಣಿ ಗಿರಾಕಿ ಎಂದು ಅಂಗಡಿಯವನು ಹತ್ತರ ನೋಟೊಂದನ್ನು ವಾಪಸು ಕೊಟ್ಟ. ಉಡಚಪ್ಪ ಅದನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಕಿಸೆಗೆ ಹಾಕಿಕೊಂಡ. ಪಕ್ಕದಲ್ಲಿ ನಿಂತಿದ್ದ ಜಟ್ಟೆಪ್ಪ ಆಗ ಮುಖ ತಿರುಗಿಸಿ ಬೀದಿ ನೋಡಿದ್ದು ಯಾಕೆಂದು ಈಗ ತಿಳಿಯಿತು. ಸತ್ತವರಿಗೆ ಒಯ್ಯುವ ಬಟ್ಟೆಗೆ ದರ ಮಾಡಬಾರದು, ಹೇಳಿದಷ್ಟು ಕೊಟ್ಟು ಹಿಂತಿರುಗಿ ನೋಡದೆ ಬರಬೇಕು. ಇದೇನು ಅವನಿಗೆ ಗೊತ್ತಿಲ್ಲದ್ದಲ್ಲ. ಅವ್ವ ಸತ್ತಾಗ ಅಪ್ಪನಿಗೆ ಇದನ್ನು ಹೇಳಿಕೊಟ್ಟವಳೇ ಅಕ್ಕ ಗುತ್ತೆವ್ವ. ಆಗ ಅವಳಿಗೆ ಹದಿನಾಲ್ಕು, ಇವನಿಗೆ ಏಳು. ಈಗ ಅದೇ ಅಕ್ಕ ಕರ್ಜಗಿಯ ತನ್ನ ಮನೆಯ ಪಡಸಾಲೆಯಲ್ಲಿ ಗೋಡೆಗೆ ಒರಗಿಸಿ ಕೂರಿಸಿದ ಹೆಣವಾಗಿದ್ದಳು, ಮತ್ತು ಅವಳ ತಮ್ಮನ ಕಿಸೆಯಲ್ಲಿ ಅವಳ ಮೈಮೇಲಿಂದ ಉಳಿಸಿದ ಹತ್ತು ರೂಪಾಯಿ ಇತ್ತು.

ಜಟ್ಟೆಪ್ಪ ಅಕ್ಕನ ಗಂಡ ಲಕ್ಕಪ್ಪನ ಚಿಕ್ಕಪ್ಪನ ಮಗ. ಮೊದಲನೇ ಬಸ್ಸು ಹಿಡಿದು ಬಂದು, ಉಡಚಪ್ಪ ಇಳಿದುಕೊಂಡಿದ್ದ ಖಾನಾವಳಿಯ ನಳದ ಹತ್ತಿರ ನಿಂತುಕೊಂಡು, ಉಡಚಪ್ಪ ಬಾಯಿ ಮುಕ್ಕಳಿಸುತ್ತಿರುವಾಗಲೇ, ಗುತ್ತೆವ್ವ ವೈನಿ ನಸುಕಿನಲ್ಲಿ ಹೋದಳು ಎಂದಿದ್ದ. ಮೂರು ತಿಂಗಳಿಂದ ಹಾಸಿಗೆ ಹಿಡಿದವಳು, ಬರುವ ಸುದ್ದಿಯೇ. ಆದರೂ ಉಡಚಪ್ಪ ಬಾಯಲ್ಲಿದ್ದ ನೀರನ್ನು ಉಗುಳಲಾಗದೆ ನುಂಗಿದ್ದ. ಮುತ್ತೈದೆಯಾಗಿ ಸತ್ತವಳಿಗೆ ಕೊನೆಯ ಸೀರೆ ತವರಿನಿಂದಲೇ ಬರಬೇಕು, ಅಣ್ಣನೋ ತಮ್ಮನೋ ಕೈಯಾರೆ ತಂದು ಕೊಡಬೇಕು, ಉಡಿ ತುಂಬಬೇಕು, ಆಮೇಲೇ ಹೆಣ ಎತ್ತುವುದು. ಅವಳ ತವರು ಎಂದರೆ ಈಗ ಉಡಚಪ್ಪ ಒಬ್ಬನೇ. ಅಪ್ಪ ಇಲ್ಲ, ಅವ್ವ ಇಲ್ಲ, ಬ್ಯಾಡಗಿಯಲ್ಲಿದ್ದ ಮನೆಯೂ ಇಲ್ಲ. ನಲವತ್ತೊಂದು ವರ್ಷದ, ಮದುವೆಯಾಗದ, ಮೆಣಸಿನಕಾಯಿ ಅಂಗಡಿಯಲ್ಲಿ ತೂಕ ಹಿಡಿಯುವ, ರಮ್ಮಿ ಆಟದಲ್ಲಿ ಮಾತ್ರ ನಾಲ್ಕು ಊರಿಗೆ ಹೆಸರಾದ ಈ ಒಬ್ಬನೇ ಆ ಅಕ್ಕನಿಗೆ ತವರು.

“ನಾಕರತನಕ ಕಾಯ್ತೀವಿ ಅಂದಾನ ಲಕ್ಕಪ್ಪಣ್ಣ. ತವರಿನ ಸೀರಿ ಬರೂತನಕ ಎತ್ತಂಗಿಲ್ಲ ಅಂತ,” ಎಂದಿದ್ದ ಜಟ್ಟೆಪ್ಪ. “ನಡಿ, ಈಗಿಂದೀಗ ಹೋಗೂಣು.”

ಸೀರೆ, ಕುಪ್ಪಸದ ಕಣ, ಹಸಿರು ಬಳೆ, ಉಡಿಗೆ ಅಕ್ಕಿ, ಒಣಕೊಬ್ಬರಿ, ಎಲ್ಲವನ್ನೂ ಕಟ್ಟಿಸಿ ಬಸ್‌ಸ್ಟ್ಯಾಂಡಿನ ತನಕ ಒಟ್ಟಿಗೇ ಬಂದರು. ಬಸ್ಸು ಹೊರಡುವ ಹೊತ್ತಿಗೆ ಉಡಚಪ್ಪ ಗಂಟನ್ನು ಜಟ್ಟೆಪ್ಪನ ಕೈಗೆ ಕೊಟ್ಟು, ನೀ ಮುಂದ ನಡಿ, ನಾ ಒಂದರ ಪ್ಯಾಸೆಂಜರಿಗೆ ಬಂದುಬಿಡ್ತೇನಿ ಎಂದ. ಅದು ಸುಳ್ಳಾಗಿರಲಿಲ್ಲ. ಹೇಳುವಾಗ ಅವನು ಅದನ್ನು ಪೂರಾ ನಂಬಿದ್ದ. ಜಟ್ಟೆಪ್ಪ ಕಿಟಕಿಯಿಂದ ಇವನ ಮುಖ ನೋಡಿದ. ಗಂಟನ್ನು ತೊಡೆಯ ಮೇಲೆ ಕೂಸಿನ ಹಾಗೆ ಇಟ್ಟುಕೊಂಡ.

ಕ್ಲಬ್ಬಿನ ಒಳಗೆ ಕಸ ಹೊಡೆದು ನೀರು ಚಿಮುಕಿಸಿದ್ದರು. ರಮ್ಮಿ ಪಂದ್ಯಕ್ಕೆ ಎರಡು ದಿನ ಅರವತ್ತು ಮಂದಿ ಕೂತು ಎದ್ದ ಹಾಲಿನಲ್ಲಿ ಇವತ್ತು ಕೊನೆಯ ಆಟಕ್ಕೆ ಒಂದೇ ಮೇಜು, ಆರೇ ಕುರ್ಚಿ. ಶೇಖಪ್ಪ ಸಾವಕಾರರು ಆಗಲೇ ಬಂದು ಗೋಡೆಯ ಪಕ್ಕದ ಬೆಂಚಿನಲ್ಲಿ ಕೂತಿದ್ದರು, ಬಿಳೀ ಟೊಪ್ಪಿಗೆ ಮೊಣಕಾಲ ಮೇಲೆ. ಉಡಚಪ್ಪ ತೂಕ ಹಿಡಿಯುವುದು ಅವರ ಅಂಗಡಿಯಲ್ಲೇ. ಈ ಆಟದ ಪ್ರವೇಶದ ಹಣದಲ್ಲಿ ಅರ್ಧ ಅವರದು. ಉಳಿದರ್ಧ ಒಂದು ಲಾರಿಯ ಮಾಲಿಕ ಅಲ್ಲಾಬಕ್ಷ ಮತ್ತು ಪೇಟೆಯ ಒಂಬತ್ತು ಜನ ಹಮಾಲರದು. ಗೆದ್ದರೆ ಎಲ್ಲರಿಗೂ ಪಾಲು, ಸೋತರೆ ಯಾರೂ ಏನೂ ಕೇಳುವಂತಿಲ್ಲ. ಕೇಳುವುದೂ ಇಲ್ಲ. ಆದರೆ ಸೋಮವಾರ ಬೆಳಿಗ್ಗೆ ಚೀಲ ಹೊತ್ತು ತಂದು ತಕ್ಕಡಿಯ ಮೇಲೆ ಇಳಿಸುವಾಗ ಅವರು ಮುಖ ನೋಡುತ್ತಾರಲ್ಲ, ಆ ನೋಟ ಉಡಚಪ್ಪನಿಗೆ ಗೊತ್ತಿತ್ತು. ಅದಕ್ಕೂ ಮಿಗಿಲಾಗಿ, ಮೂರು ತಿಂಗಳ ಹಿಂದೆ ಅಕ್ಕನನ್ನು ದಾವಣಗೆರೆಯ ಆಸ್ಪತ್ರೆಗೆ ಒಯ್ದದ್ದು ಸಾವಕಾರರ ಕಾರು. ಹಿಂದಿನ ಸೀಟಿನಲ್ಲಿ ಅಕ್ಕ ತಮ್ಮನ ತೊಡೆಯ ಮೇಲೆ ತಲೆಯಿಟ್ಟು ಮಲಗಿ, ಸೀಟು ಹೊಲಸಾಗುತ್ತದೆ ಎಂದು ಹೆದರಿ ದಾರಿಯುದ್ದಕ್ಕೂ ಕಾಲು ಮಡಚಿಕೊಂಡೇ ಇದ್ದಳು.

ಸುದ್ದಿ ಹೇಳಿದಾಗ ಸಾವಕಾರರ ಪಕ್ಕ ಕೂತಿದ್ದ ಅಲ್ಲಾಬಕ್ಷನೇ ಮೊದಲು ಮಾತಾಡಿದ. “ಹೋಗೋ ಉಡಚಪ್ಪ. ಆಟ ಮುಂದಿನ ವರ್ಷಾನೂ ಬರತೈತಿ. ನಮ್ಮ ರೊಕ್ಕದ ಮಾರಿ ನೋಡಬ್ಯಾಡ.” ಸಾವಕಾರರು ಮೊಣಕಾಲ ಮೇಲಿನ ಟೊಪ್ಪಿಗೆಯನ್ನು ಬೆಂಚಿಗೆ ಸರಿಸಿದರು. ಎದ್ದು ಬಂದು ಹೆಗಲ ಮೇಲೆ ಕೈಯಿಟ್ಟರು. ಅವರ ಕಣ್ಣು ನಿಜವಾಗಿಯೂ ಒದ್ದೆಯಾಗಿತ್ತು. ಆಮೇಲೆ, ನಾ ಏನ ಹೇಳ್ಲೋ, ನಿನಗ ಬಿಟ್ಟದ್ದು ಎಂದು ಮತ್ತೆ ಹೋಗಿ ಬೆಂಚಿನ ಮೇಲೆ ಕೂತರು. ಹೋಗು ಎಂದಿದ್ದರೆ ಹೋಗುತ್ತಿದ್ದೆ, ಕೂಡು ಎಂದಿದ್ದರೆ ಬೈದುಕೊಂಡಾದರೂ ಕೂಡುತ್ತಿದ್ದೆ ಎಂದು ಉಡಚಪ್ಪ ಆಮೇಲೆ ಎಷ್ಟೋ ಸಲ ಅಂದುಕೊಂಡ. ಹಾಗೆ ಅಂದುಕೊಂಡಾಗಲೆಲ್ಲ ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಗುತ್ತಿತ್ತು, ಯಾಕೆಂದರೆ ಅದು ಖರೆ ಇರಲಿಲ್ಲ.

ಅವನ ಹತ್ತಿರ ಒಂದು ಉಪಾಯವಿತ್ತು. ಈ ಆಟದಲ್ಲಿ ಅಂಕ ಏರುವುದೇ ಸೋಲು. ಇನ್ನೂರಾ ಒಂದು ಮುಟ್ಟಿದವನು ಎದ್ದು ಹೋಗಬೇಕು. ಎಲೆ ಬಿದ್ದ ಕೂಡಲೇ ನನಗೆ ಆಟ ಬೇಡವೆಂದು ಕೆಳಗಿಟ್ಟರೆ ಇಪ್ಪತ್ತೈದು ಏರುತ್ತದೆ. ಒಂಬತ್ತು ಸಲ ಇಟ್ಟರೆ ಮುಗಿಯಿತು, ಮುಕ್ಕಾಲು ತಾಸಿನ ಕೆಲಸ. ಎಲೆ ಕೆಟ್ಟು ಬಂದವು ಎಂದರೆ ಯಾರೂ ಅನುಮಾನ ಪಡುವುದಿಲ್ಲ. ಸಾವಕಾರರಿಗೂ ಮರ್ಯಾದೆ, ಅಕ್ಕನಿಗೂ ಮರ್ಯಾದೆ. ಹನ್ನೆರಡಕ್ಕೆ ಎದ್ದು, ಒಂದರ ಗಾಡಿ ಹಿಡಿದು, ಎರಡೂವರೆಯೊಳಗೆ ಕರ್ಜಗಿ ಸ್ಟೇಷನ್ನು. ಸೀರೆಯ ಗಂಟು ಜಟ್ಟೆಪ್ಪನ ಕೈಯಿಂದ ತಾನೇ ತೆಗೆದುಕೊಂಡು ಒಳಗೆ ಒಯ್ಯಬಹುದು. ಹೀಗೆ ಎಲ್ಲವೂ ಸರಿಹೋಯಿತೆಂದುಕೊಂಡು ಅವನು ಕುರ್ಚಿ ಎಳೆದುಕೊಂಡ. ಎದುರಿಗೆ ಹರಿಹರದ ಒಬ್ಬ ವಕೀಲ, ದೊಡ್ಡ ನಗುವಿನ ಮನುಷ್ಯ, ಇವನಿಗೆ ನಮಸ್ಕಾರ ಮಾಡಿದ.

ಮೊದಲನೇ ಸಲ ಬಂದ ಹದಿಮೂರು ಎಲೆಗಳನ್ನು ಉಡಚಪ್ಪ ಒಂದೊಂದಾಗಿ ಬಿಡಿಸಿದ. ಇಸ್ಪೀಟಿನ ಐದು, ಆರು, ಏಳು. ಒಂದಲ್ಲ ಎರಡು ಜೋಕರು. ಆಟೀನಿನ ರಾಜ, ರಾಣಿ. ಇಂಥ ಎಲೆ ವರ್ಷಕ್ಕೆ ಒಂದೆರಡು ಸಲ ಬರುತ್ತದೆ. ಕೆಳಗಿಡಬೇಕು. ಇಡು, ಎಂದು ಅವನು ತನ್ನ ಕೈಗೆ ಹೇಳಿದ. ಕೈ ಇಡಲಿಲ್ಲ. ತೂಕ ಹಿಡಿಯುವವನ ಕೈ ಅದು. ಮುಳ್ಳು ನಡುವೆ ಬಂದು ನಿಂತದ್ದನ್ನು ಬೇಕೆಂದು ಅಲ್ಲಾಡಿಸುವುದು ಅದಕ್ಕೆ ಗೊತ್ತಿರಲಿಲ್ಲ. ಇದೊಂದು ಆಟ ಆಡಿಬಿಡುತ್ತೇನೆ, ಮುಂದಿನದರಿಂದ ಇಡುತ್ತೇನೆ ಎಂದು ಅವನು ಒಳಗೇ ಯಾರಿಗೋ ಹೇಳಿ ಒಪ್ಪಿಸಿದ. ಯಾರಿಗೆ? ಗೋಡೆಗೆ ಒರಗಿ ಕೂತವಳಿಗೇ ಇರಬೇಕು. ಅವಳು ಯಾವತ್ತೂ ಯಾವುದಕ್ಕೂ ಒಲ್ಲೆ ಅಂದವಳಲ್ಲ. ನಾಲ್ಕನೇ ಸುತ್ತಿಗೆ ಅವನ ಆಟ ಮುಗಿದು ಎಲೆ ಹರವಿದಾಗ ಬೆಂಚಿನ ಮೇಲೆ ಸಾವಕಾರರು ಸಣ್ಣಗೆ ಕೆಮ್ಮಿದರು.

ಅಕ್ಕನ ಕೈ ಅವನ ಮುಖಕ್ಕೆ ತಾಗಿದ್ದೇ ಕಡಿಮೆ. ಮದುವೆಯಾಗುವ ತನಕ ಅವಳು ಬ್ಯಾಡಗಿಯ ಅಂಗಳಗಳಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸಲು ಹೋಗುತ್ತಿದ್ದಳು. ಸಂಜೆ ಬಂದು ಎಷ್ಟು ಸಲ ಕೈ ತೊಳೆದರೂ, ಎಣ್ಣೆ ಹಚ್ಚಿದರೂ, ಬೆರಳಿನ ಉರಿ ಹೋಗುತ್ತಿರಲಿಲ್ಲ. ಅದಕ್ಕೇ ತಮ್ಮನ ಕಣ್ಣು ಒರೆಸುವಾಗ ಮುಷ್ಟಿ ಕಟ್ಟಿ ಮಣಿಕಟ್ಟಿನಿಂದ ಒರೆಸುತ್ತಿದ್ದಳು. ತುತ್ತು ಮಾಡಿ ತಿನ್ನಿಸಿದರೆ ನಾಲಿಗೆ ಸುಡುತ್ತದೆಂದು ತಾಟು ಮುಂದಿಟ್ಟು, ನೀನ ಉಣ್ಣು, ನಾ ನೋಡ್ತೇನಿ ಎನ್ನುತ್ತಿದ್ದಳು. ತನ್ನ ಅಕ್ಕ ಮಾತ್ರ ತನ್ನನ್ನು ಮುಟ್ಟುವುದಿಲ್ಲ ಎಂದು ಅವನು ಏಳನೇ ವಯಸ್ಸಿನಲ್ಲಿ ಅತ್ತಿದ್ದ. ಆಗ ಅವಳು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬಗ್ಗಿ ಅವನ ನೆತ್ತಿಗೆ ತನ್ನ ಗಲ್ಲ ಒತ್ತಿದ್ದಳು. ಮೇಜಿನಿಂದ ಎಳೆದ ಎಲೆ ಗುಲಾಮ. ಬೇಡವಾಗಿದ್ದ ಒಂಬತ್ತನ್ನು ಎಸೆದು ಅದನ್ನು ಇಟ್ಟುಕೊಂಡ. ಮುಂದಿನ ಆಟದಿಂದ, ಎಂದುಕೊಂಡ. ಗಡಿಯಾರದಲ್ಲಿ ಹನ್ನೆರಡಕ್ಕೆ ಹತ್ತು ನಿಮಿಷವಿತ್ತು.

ನಾಗರ ಪಂಚಮಿಗೆ ಅಣ್ಣತಮ್ಮಂದಿರು ಹೆಣ್ಣುಮಕ್ಕಳನ್ನು ತವರಿಗೆ ಕರೆಯಲು ಹೋಗುತ್ತಾರೆ. ಇವನು ಹೋದದ್ದು ಬೆರಳು ಮಡಚಿ ಎಣಿಸುವಷ್ಟು ಸಲ. ಶ್ರಾವಣದಲ್ಲಿ ಆಟದ ಮನೆಗಳೆಲ್ಲ ತೆರೆದಿರುತ್ತವೆ, ಒಂದು ಊರಿಂದ ಇನ್ನೊಂದು ಊರಿಗೆ ಕರೆ ಬರುತ್ತದೆ. ಕರೆದು ತಂದರೂ ಎಲ್ಲಿಗೆ ತರುವುದು, ಬಾಡಿಗೆಯ ಒಂದು ಖೋಲಿಗೆ? ಹೀಗೆ ಸಮಾಧಾನ ಮಾಡಿಕೊಂಡು ದೀಪಾವಳಿಯ ಹೊತ್ತಿಗೆ ಬರಿಗೈಯಲ್ಲಿ ಹೋಗಿ ನಿಂತರೆ ಅವಳು ಒಂದು ಮಾತು ಆಡುತ್ತಿರಲಿಲ್ಲ. ಒಮ್ಮೆ ಮಾತ್ರ ಬಾವಿಯ ಹತ್ತಿರ ಒಬ್ಬಾಕೆ ನೆರೆಯವಳು ಇವನನ್ನು ತಡೆದು, ಪಂಚಮಿಗೆ ನೀನು ಕಳಿಸಿದ ಕುಪ್ಪಸದ ಕಣ ಭಾಳ ಚಂದ ಇತ್ತು ಎಂದಿದ್ದಳು. ಬೇರೆ ಯಾರನ್ನೋ ಅಂದುಕೊಂಡಿರಬೇಕು ಎಂದು ಅವನು ನಕ್ಕು ಮುಂದೆ ಹೋಗಿದ್ದ. ಅದು ಈಗ ಯಾಕೆ ನೆನಪಾಯಿತೋ ತಿಳಿಯಲಿಲ್ಲ. ಮೇಜಿನಿಂದ ಇಬ್ಬರು ಎದ್ದು ಹೋಗಿದ್ದರು. ಉಡಚಪ್ಪನ ಅಂಕ ಇನ್ನೂ ನಲವತ್ತು ದಾಟಿರಲಿಲ್ಲ.

ಆಮೇಲೆ ಆದದ್ದನ್ನು ಅವನು ಯಾರ ಮುಂದೆಯೂ ಹೇಳಲಾರ. ಆಟ ಅವನಿಗೆ ಹತ್ತಿತು. ಯಾರ ಕೈಯಲ್ಲಿ ಯಾವ ಎಲೆ ಇದೆಯೆಂಬುದು ಅವರ ಹೆಬ್ಬೆರಳು ನೋಡಿದರೇ ತಿಳಿಯತೊಡಗಿತು. ಬೇಕಾದ ಎಲೆ ಬೇಕಾದ ಹೊತ್ತಿಗೆ ಬಂತು. ಬಾರದಿದ್ದಾಗ ಅವನು ಅದಿಲ್ಲದೆಯೇ ದಾರಿ ಕಂಡುಕೊಂಡ. ಇಪ್ಪತ್ತು ವರ್ಷ ಆಡಿದ್ದು ಈ ಒಂದು ಮಧ್ಯಾಹ್ನಕ್ಕೇ ಎನ್ನುವ ಹಾಗೆ ಮೈಯೆಲ್ಲ ಹಗುರಾಗಿತ್ತು. ಹರಿಹರದ ವಕೀಲ ತನ್ನ ಕೋರ್ಟಿನ ಒಬ್ಬ ಕುಡುಕ ಸಾಕ್ಷಿಯ ಕಥೆ ಹೇಳಿದ. ಸಾಕ್ಷಿ ನ್ಯಾಯಾಧೀಶರನ್ನೇ ಗುರುತಿಸಿ, ಇವರೇ ಕಳ್ಳರು ಎಂದಿದ್ದನಂತೆ. ಉಡಚಪ್ಪ ನಕ್ಕ. ಸಣ್ಣಗಲ್ಲ, ಹೊಟ್ಟೆ ಹಿಡಿದು ನಕ್ಕ, ಕಣ್ಣಲ್ಲಿ ನೀರು ಬರುವಷ್ಟು. ಅದೇ ಹೊತ್ತಿಗೆ ಸ್ಟೇಷನ್ನಿನ ಕಡೆಯಿಂದ ಪ್ಯಾಸೆಂಜರ್ ಗಾಡಿಯ ಸೀಟಿ ಕೇಳಿಸಿತು. ಯಾವ ಗಾಡಿ ಇದು ಎಂದು ಅವನು ಒಂದು ಕ್ಷಣ ಯೋಚಿಸಿದ. ಯೋಚಿಸಬೇಕಾಯಿತು.

ನಗು ಮುಖದ ಮೇಲೆ ಹಾಗೆಯೇ ಉಳಿಯಿತು, ಇಳಿಸುವುದು ಹೇಗೆಂದು ತಿಳಿಯಲಿಲ್ಲ. ಬೆಂಚಿನ ಕಡೆ ನೋಡಿದ. ಅಲ್ಲಾಬಕ್ಷ ಇವನ ನಗುವನ್ನೇ ನೋಡುತ್ತಿದ್ದ. ಕಣ್ಣಿಗೆ ಕಣ್ಣು ಕೂಡಿದೊಡನೆ ಅವನು ತಲೆ ತಗ್ಗಿಸಿ ಬೀಡಿ ಹಚ್ಚಿಕೊಂಡ. ಎಷ್ಟು ಹೊತ್ತು ಅಕ್ಕನನ್ನು ಮರೆತಿದ್ದೆ? ಅರ್ಧ ತಾಸೇ, ಒಂದು ತಾಸೇ? ಅವಳು ಸತ್ತು ಇನ್ನೂ ಒಂದು ಹಗಲು ಕಳೆದಿಲ್ಲ. ಸಾವಕಾರರಿಗಾಗಿ ಕೂತಿದ್ದೇನೆ, ಹಮಾಲರಿಗಾಗಿ ಕೂತಿದ್ದೇನೆ ಎಂದು ಹೇಳಿಕೊಳ್ಳಲು ಹೋದ, ಮಾತು ಒಳಗೆ ನಿಲ್ಲಲಿಲ್ಲ. ಯಾರೂ ಅವನನ್ನು ಹಿಡಿದು ಕೂರಿಸಿರಲಿಲ್ಲ. ಈಗಲೂ ಏಳಬಹುದಿತ್ತು, ರಸ್ತೆಗೆ ಹೋಗಿ ಲಾರಿಗೆ ಕೈ ಮಾಡಿದರೂ ನಾಲ್ಕರೊಳಗೆ ಮುಟ್ಟಬಹುದಿತ್ತು. ಎಲೆ ಹಂಚಿದರು. ಅವನ ಕೈ ಮುಂದೆ ಹೋಗಿ ಹದಿಮೂರನ್ನೂ ಎತ್ತಿಕೊಂಡಿತು.

ಮೂರೂ ಮುಕ್ಕಾಲಿಗೆ ವಕೀಲ ಇನ್ನೂರಾ ಒಂದು ದಾಟಿ, ಎದ್ದು ಕೈ ಕುಲುಕಿದ. ಚಪ್ಪಾಳೆ ಬಿತ್ತು. ಕ್ಲಬ್ಬಿನವರು ಒಂದು ಕಪ್ಪು ಕೊಟ್ಟು, ಚೆಂಡುಹೂವಿನ ಮಾಲೆ ಹಾಕಿ, ಫೋಟೋದವನ ಮುಂದೆ ನಿಲ್ಲಿಸಿದರು. ಉಡಚಪ್ಪನ ಕೊರಳಿಗೆ ಹೂವಿನ ತಂಪು ತಾಗಿತು. ಇಷ್ಟೊತ್ತಿಗೆ ಕರ್ಜಗಿಯಲ್ಲೂ ಇದೇ ಹೂವು. ಫೋಟೋದವನು ಸ್ವಲ್ಪ ನಗ್ರಿ ಎಂದ. ಅವನು ನಕ್ಕನಂತೆ, ಆ ಫೋಟೋ ಮುಂದೆ ಎಷ್ಟೋ ದಿನ ಕ್ಲಬ್ಬಿನ ಗೋಡೆಯ ಮೇಲಿತ್ತು. ಸಾವಕಾರರು ಹಣವನ್ನು ಕೈಗೆತ್ತಿಕೊಳ್ಳದೆ, ಮೊದಲು ಆ ಕೆಲಸ ಮುಗಿಸಿ ಬಾ ಎಂದು ಕಾರಿನ ಕೀಲಿಯನ್ನು ಅಲ್ಲಾಬಕ್ಷನಿಗೆ ಕೊಟ್ಟರು. ಒಳ್ಳೆಯ ಮನುಷ್ಯ. ಒಳ್ಳೆಯವರಾಗಿರದಿದ್ದರೆ ಎಷ್ಟು ಅನುಕೂಲವಾಗುತ್ತಿತ್ತು.

ಬ್ಯಾಡಗಿಯ ಕಡೆ ಹೋಗುವ ಕ್ರಾಸು ದಾಟುವಾಗ ಗಾಳಿಯಲ್ಲಿ ಮೆಣಸಿನ ಘಾಟು ಬಂದು ಇಬ್ಬರೂ ಕೆಮ್ಮಿದರು.  ಹಾವೇರಿ ದಾಟಿದ ಮೇಲೆ ಅಲ್ಲಾಬಕ್ಷ, ಮಾಲೆ ತಗದು ಹಿಂದ ಇಡು ಎಂದ, ಅಷ್ಟೇ. ಅಲ್ಲಿಯವರೆಗೂ ಮಾಲೆ ಕೊರಳಲ್ಲೇ ಇತ್ತೆಂಬುದು ಉಡಚಪ್ಪನಿಗೆ ಆಗಲೇ ಗೊತ್ತಾದದ್ದು. ಅದನ್ನು ತೆಗೆದು ಕಪ್ಪಿನ ಪಕ್ಕಕ್ಕೆ, ಮೂರು ತಿಂಗಳ ಹಿಂದೆ ಅಕ್ಕ ಕಾಲು ಮಡಚಿಕೊಂಡು ಮಲಗಿದ್ದ ಸೀಟಿನ ಮೇಲೆ ಇಟ್ಟ. ಇನ್ನೂ ಕಾಯುತ್ತಿರಬಹುದು ಎಂದುಕೊಂಡ. ತವರು ಬಾರದೆ ಹೇಗೆ ಎತ್ತುತ್ತಾರೆ? ಲಕ್ಕಪ್ಪ ಮಾವ ಹಟದ ಮನುಷ್ಯ, ಕಾಯುತ್ತಾನೆ. ಕಾಯದಿದ್ದರೆ ಬೈಯಲಿ, ಊರವರೆದುರು ಕೆನ್ನೆಗೆ ಹೊಡೆಯಲಿ. ಹೊಡೆತಕ್ಕೆ ಅವನ ಕೆನ್ನೆ ಆಗಲೇ ಸಿದ್ಧವಾಗಿತ್ತು, ಒಂದು ರೀತಿಯಲ್ಲಿ ಅದಕ್ಕಾಗಿ ಹಂಬಲಿಸುತ್ತಿತ್ತು.

ಮನೆಯ ಮುಂದೆ ಗಂಡಸರು ಒಬ್ಬೊಬ್ಬರಾಗಿ ಕಾಲು ತೊಳೆದುಕೊಂಡು, ಬಾಗಿಲಲ್ಲಿ ಬಗ್ಗಿ, ಒಳಗೆ ಹೆಣ ಕೂರಿಸಿದ್ದ ಜಾಗದಲ್ಲಿ ಹಚ್ಚಿಟ್ಟ ದೀಪ ನೋಡಿ ಹೊರಗೆ ಬರುತ್ತಿದ್ದರು. ಮಣ್ಣು ಮುಗಿದಿತ್ತು. ಉಡಚಪ್ಪ ಬಕೀಟಿನಿಂದ ತಂಬಿಗೆ ನೀರೆತ್ತಿ ತಾನೂ ಕಾಲಿಗೆ ಸುರಿದುಕೊಂಡ; ಕಾಲಿಗೆ ಮಣ್ಣೇ ಹತ್ತಿರಲಿಲ್ಲ. ಒಳಗೆ ಸಗಣಿ ಸಾರಿಸಿದ ನೆಲ ಇನ್ನೂ ಹಸಿಯಾಗಿತ್ತು. ದೀಪದ ಹಿಂದೆ ಗೋಡೆಯ ಮೇಲೆ ಅವಳ ತಲೆ ಒರಗಿದ್ದಲ್ಲಿ ಎಣ್ಣೆಯ ಒಂದು ಸಣ್ಣ ಕಲೆ. ಅಲ್ಲಿಯೇ ಕುಸಿದು ಕೂತ. ಪಕ್ಕದ ಮನೆಯ ಮುದುಕಿ ಹೊಳಿಯವ್ವ, ಅಕ್ಕನಿಗೆ ಈ ಊರಲ್ಲಿ ತಾಯಿಯಂತಿದ್ದವಳು, ಬಂದು ಅವನ ಹೆಗಲ ಮೇಲಿದ್ದ ಚೆಂಡುಹೂವಿನ ಒಂದು ಎಸಳನ್ನು ತೆಗೆದು, ಕಣ್ಣಿಗೊತ್ತಿಕೊಂಡು, ದೀಪದ ಹತ್ತಿರ ಇಟ್ಟಳು. ಅದು ಅಕ್ಕನ ಹೂವೆಂದೇ ಅವಳು ತಿಳಿದಳು. 

ಜಟ್ಟೆಪ್ಪ ಮೂಲೆಯಿಂದ ಗಂಟನ್ನು ತಂದು ಇವನ ಮುಂದಿಟ್ಟ. ಕಟ್ಟಿದ ದಾರ ಕಟ್ಟಿದ ಹಾಗೇ ಇತ್ತು. ಆಯಿತು, ನನ್ನ ಸೀರೆ ಒಲ್ಲೆವೆಂದಿದ್ದಾರೆ, ಇದೇ ಸರಿ ಎಂದು ಉಡಚಪ್ಪ ತಲೆ ತಗ್ಗಿಸಿದ.

“ಯಾಕ ಮತ್ತೊಂದು ತರಾಕ ಹೋದಿ ತಮ್ಮಾ,” ಎಂದಳು ಹೊಳಿಯವ್ವ. “ಒಂದ ಹೆಣಕ್ಕ ತವರಿಂದ ಎರಡು ಸೀರಿ ಉಡಿಸಬಾರದು. ನೀ ಮೊದಲ ಕೊಟ್ಟಿಟ್ಟಿದ್ದು ಇತ್ತಲ್ಲ, ಅದನ್ನ ಉಡಿಸಿ ಕಳಿಸಿದ್ವಿ.”

ಅವನು ಮುಖ ಎತ್ತಿದ. ಮುದುಕಿ ಸೆರಗಿನಿಂದ ಮೂಗು ಒರೆಸಿಕೊಂಡು ಹೇಳುತ್ತ ಹೋದಳು. ಹದಿನೈದು ದಿನದ ಹಿಂದೆ ಗುತ್ತೆವ್ವ ಅವಳನ್ನು ಕರೆದು ಟ್ರಂಕು ತೆಗೆಸಿದ್ದಳಂತೆ. ಕಾಗದದಲ್ಲಿ ಸುತ್ತಿಟ್ಟ ಹೊಸ ಇಳಕಲ್ಲ ಸೀರೆ, ಜೊತೆಗೆ ಕುಪ್ಪಸ, ಹಸಿರು ಬಳೆ, ಉಡಿಗೆ ಬೇಕಾದ್ದು ಎಲ್ಲ. “ನನ್ನ ತಮ್ಮ ತಂದು ಕೊಟ್ಟಾನ ಅಂದ್ಲು. ದುಡಿಯೂ ಮನಶಾ, ಆ ಹೊತ್ತಿಗೆ ಬರಾಕ ಅವಗ ಆತೋ ಇಲ್ಲೋ, ಅವನ ಹಾದಿ ಕಾಯಬ್ಯಾಡ್ರಿ, ಅವಗ ಯಾರೂ ಏನೂ ಅನಬ್ಯಾಡ್ರಿ ಅಂದ್ಲು.” ಸುತ್ತ ಕೂತ ಹೆಂಗಸರಲ್ಲಿ ಒಬ್ಬಳು, ಇಂಥ ತಮ್ಮ ಇರಬೇಕು ನೋಡು ಎಂದು ಇನ್ನೊಬ್ಬಳಿಗೆ ಮೆಲ್ಲಗೆ ಹೇಳಿದ್ದು ಕೇಳಿಸಿತು.

ಉಡಚಪ್ಪ ಯಾವ ಸೀರೆಯನ್ನೂ ಕೊಟ್ಟಿರಲಿಲ್ಲ. ಹುಟ್ಟಿದಾಗಿನಿಂದ ಅವಳಿಗೆ ಇಳಕಲ್ಲ ಸೀರೆ ತಂದದ್ದಿಲ್ಲ. ಹಾಸಿಗೆ ಹಿಡಿಯುವ ಮೊದಲು ಅವಳು ಮತ್ತೆ ಮೆಣಸಿನಕಾಯಿ ಬಿಡಿಸಿ, ಆ ಕೂಲಿ ಹಿಡಿದು ಹಾವೇರಿಗೆ ಹೋಗಿ, ಆ ಉರಿಯುವ ಬೆರಳಿನಿಂದ ತನ್ನ ಕೊನೆಯ ಸೀರೆಯನ್ನು ತಾನೇ ಆರಿಸಿ, ಮಡಿಸಿ, ತಮ್ಮನ ಹೆಸರು ಹೇಳಿ ಟ್ರಂಕಿನಲ್ಲಿ ಇಟ್ಟಿರಬೇಕು. ಬಾವಿಯ ಹತ್ತಿರ ಕೇಳಿದ ಆ ಕುಪ್ಪಸದ ಕಣವೂ ಹೀಗೆಯೇ, ಇನ್ನೆಷ್ಟು ಪಂಚಮಿಗಳೋ. ತಾನು ಬರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ತಾನು ಬೆಳಿಗ್ಗೆ ಬಸ್ಸಿನ ಹತ್ತಿರ ನಿಂತು, ಒಂದರ ಗಾಡಿಗೆ ಬರುತ್ತೇನೆಂದು ನಂಬಿ ಹೇಳುವ ಹದಿನೈದು ದಿನ ಮೊದಲೇ ಗೊತ್ತಿತ್ತು.  

ಬಾಗಿಲಲ್ಲಿ ಲಕ್ಕಪ್ಪ ನಿಂತಿದ್ದ. ಹೆಂಡತಿಯನ್ನು ಮಣ್ಣು ಮಾಡಿ ಬಂದ ಆ ಮನುಷ್ಯನ ಅಂಗೈಗಳಲ್ಲಿ ಕೆಂಪು ಮಣ್ಣು ಇನ್ನೂ ಹಾಗೆಯೇ ಇತ್ತು. ಅವನು ಒಳಗೆ ಬಂದು ಉಡಚಪ್ಪನ ಎದುರು ಕುಕ್ಕರಗಾಲಲ್ಲಿ ಕೂತ.

“ಯಾವಾಗ ತಂದು ಕೊಟ್ಟಿದ್ದೆಪಾ ಆ ಸೀರಿ? ನನಗ ಆಕಿ ಒಂದ ಮಾತ ಹೇಳಿರಲಿಲ್ಲ,” ಎಂದು ಕೇಳಿದ.

ಹೆಂಗಸರು ಇವನ ಕಡೆ ತಿರುಗಿದ್ದರು. ನಾನು ಕೊಡಲಿಲ್ಲ ಎನ್ನಬೇಕು. ಅಂದರೆ ಹಗುರಾಗುತ್ತದೆ, ಹೊಡೆತ ಬೀಳುತ್ತದೆ, ಇದು ಮುಗಿಯುತ್ತದೆ. ಆದರೆ ಅಂದರೆ, ಗುತ್ತೆವ್ವ ತವರಿನ ಸೀರೆಯಿಲ್ಲದೆ ಮಣ್ಣಿಗೆ ಹೋದಳು ಎಂದಾಗುತ್ತದೆ; ಅವಳು ಇಷ್ಟು ವರ್ಷ ಕಾದುಕೊಂಡು ಬಂದದ್ದನ್ನು ಅವಳ ದೀಪದ ಮುಂದೆಯೇ ಬಿಚ್ಚಿ ಚೆಲ್ಲಿದಂತಾಗುತ್ತದೆ.

“ಪಂಚಮಿಗೆ, ಮಾವಾ,” ಎಂದ ಉಡಚಪ್ಪ.

ಲಕ್ಕಪ್ಪ ಅವನ ಮುಖವನ್ನೇ ನೋಡಿದ. ಹೋದ ಪಂಚಮಿಯ ದಿನ, ಬೇಡವೆಂದರೂ ಕೇಳದೆ ಹೆಂಡತಿ ಸಂಜೆಯ ತನಕ ಕಟ್ಟೆಯ ಮೇಲೆ ಕೂತು ಬಸ್ಸಿನ ದಾರಿ ನೋಡಿದ್ದನ್ನು, ಕೊನೆಗೆ ಕೈ ಹಿಡಿದು ಅವಳನ್ನು ಒಳಗೆ ಕರೆತಂದದ್ದನ್ನು ಅವನು ಮರೆತಿರಲಿಲ್ಲ. ಅದೆಲ್ಲ ಅವನ ಕಣ್ಣಿನಲ್ಲಿ ಬಂದು ನಿಂತದ್ದನ್ನು ಉಡಚಪ್ಪ ಕಂಡ. ಆಮೇಲೆ ಲಕ್ಕಪ್ಪ ಕೂತಿದ್ದವರ ಕಡೆ ತಿರುಗಿ, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದ.

“ಹೌದ್ಹೌದು, ಪಂಚಮಿಗೆ ಬಂದಿದ್ದ. ನಾನ ಮರತಿದ್ದೆ.”